ಐಬು ಹೇಳಿ ಮಾರುವುದು: ಹಳೇ ಕ್ಯಾಮೆರಾಗಳ ಬಜಾರಿನಲ್ಲಿ ಕಲಿತದ್ದು

ಕಳೆದ ಬೇಸಿಗೆ ರಜೆಯಲ್ಲಿ ನಾನು ಚೆನ್ನೈಗೆ ಹೊರಟಾಗ ಮುಮಾನಿ ಒಂದು ರೆಕ್ಸಿನ್ ಬ್ಯಾಗ್ ತಂದು ಮುಂದಿಟ್ಟರು. "ಮದ್ರಾಸಿಗೆ ಹೋಗ್ತಿದ್ದೀಯಲ್ಲ, ಇದನ್ನೂ ಅಲ್ಲೇ ಎಲ್ಲಾದರೂ ಕೊಟ್ಟು ಬಾ ಬೇಟಾ" ಅಂದರು. ಬ್ಯಾಗಿನಲ್ಲಿ ನಮ್ಮ ಮಾಮುವಿನ ಯಾಶಿಕಾ ಮ್ಯಾಟ್ 124 ಜಿ ಕ್ಯಾಮೆರಾ, ಒಂದು ಪೆಂಟ್ಯಾಕ್ಸ್ ಕೆ1000, ಎರಡು ಬಿಡಿ ಲೆನ್ಸು ಇದ್ದವು. ಕೋಲಾರದ ಕಡೆಯ ನಮ್ಮ ಪುಟ್ಟ ಊರಿನಲ್ಲಿ ಮಾಮು ಮೂವತ್ತು ವರ್ಷ ಫೋಟೊ ಸ್ಟುಡಿಯೊ ನಡೆಸಿದವರು. ಪಾಸ್‌ಪೋರ್ಟಿಗೆ, ರೇಷನ್ ಕಾರ್ಡಿಗೆ, ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿಗೆ, ಮದುವೆ ಮನೆಗೆ ಅಂತ ಇಡೀ ಮೊಹಲ್ಲಾದ ಮುಖಗಳು ಅವರ ಲೆನ್ಸಿನ ಮುಂದೆ ಕೂತು ಎದ್ದಿವೆ. ಅವರು ತೀರಿಕೊಂಡ ಮೇಲೆ ಗುಜರಿಯವನು ಬಂದು, ಎಲ್ಲ ಸೇರಿಸಿ ಎಂಟುನೂರು ರೂಪಾಯಿ ಅಂದಿದ್ದನಂತೆ.

ನನಗೆ ಆಗ ಈ ವ್ಯಾಪಾರದ ಅ ಆ ಇ ಈ ಗೊತ್ತಿರಲಿಲ್ಲ. ಒಂದು ವಾರ ಸೌಕಾರ್‌ಪೇಟೆಯಲ್ಲಿ ಓಡಾಡಿ, ಆಮೇಲೆ ಆರು ತಿಂಗಳು ಓದಿ, ಕೇಳಿ, ಬಿಚ್ಚಿ, ಜೋಡಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಬ್ಯಾಗ್ ಇರಬಹುದು. ಎಂಟುನೂರಕ್ಕೆ ಕೊಡುವ ಮೊದಲು ಇದನ್ನು ಒಮ್ಮೆ ಓದಿ.

ಸೌಕಾರರ ಪೇಟೆ

ಸೌಕಾರ್‌ಪೇಟೆ ಅಂದರೆ ಸಾಹುಕಾರರ ಪೇಟೆ. ಚೆನ್ನೈನ ಹಳೇ ಜಾರ್ಜ್ ಟೌನಿನ ಒಂದು ಭಾಗ. ಗುಜರಾತಿ, ಮಾರ್ವಾಡಿ ವ್ಯಾಪಾರಿಗಳು ತಲೆಮಾರುಗಳಿಂದ ಇಲ್ಲಿ ನೆಲೆಸಿದ್ದಾರೆ. ಮುಖ್ಯ ಬೀದಿಯಾದ ಮಿಂಟ್ ಸ್ಟ್ರೀಟಿಗೆ ಆ ಹೆಸರು ಬಂದದ್ದು ಕಂಪನಿ ಸರ್ಕಾರದ ಟಂಕಸಾಲೆಯಿಂದ. ಈಗ ಅಲ್ಲಿ ಬೆಳ್ಳಿ ಬಂಗಾರ, ಬಟ್ಟೆ, ಪಾತ್ರೆ, ಬಳೆ, ಬಿಸಿ ಜಿಲೇಬಿ ಎಲ್ಲವೂ ಸಿಗುತ್ತದೆ. ನನ್ನ ಚಿಕ್ಕಪ್ಪನ ಮಗ ಅಲ್ಲಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅವನೇ ನನಗೆ ದಾರಿ ತೋರಿಸಿದ್ದು.

ಇದು ಕ್ಯಾಮೆರಾಕ್ಕೇ ಮೀಸಲಾದ ಬಜಾರಲ್ಲ. ಮದ್ರಾಸಿನಲ್ಲಿ ಹಳೇ ಸಾಮಾನು ಅಂದರೆ ಮೊದಲು ನೆನಪಾಗುತ್ತಿದ್ದದ್ದು ಸೆಂಟ್ರಲ್ ಸ್ಟೇಷನ್ ಪಕ್ಕದ ಮೂರ್ ಮಾರ್ಕೆಟ್. ಅದು 1985ರಲ್ಲಿ ಬೆಂಕಿಗೆ ಆಹುತಿಯಾಯಿತು. ಆ ಜಾಗದಲ್ಲಿ ಈಗ ಲೋಕಲ್ ರೈಲುಗಳ ನಿಲ್ದಾಣವಿದೆ. ಫಾರಿನ್ ಸಾಮಾನಿಗೆ ಹೆಸರಾದದ್ದು ಕಡಲ ಕಡೆಯ ಬರ್ಮಾ ಬಜಾರ್, ಬರ್ಮಾದಿಂದ ಎಲ್ಲ ಬಿಟ್ಟು ಬಂದವರು ಬದುಕು ಕಟ್ಟಿಕೊಂಡ ಸಾಲು ಅಂಗಡಿಗಳು. ಮಾಮು 1991ರಲ್ಲಿ ತಮ್ಮ ಯಾಶಿಕಾವನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದೂ ಮದ್ರಾಸಿನಲ್ಲೇ. ಅಂದರೆ ಕ್ಯಾಮೆರಾ ತನ್ನ ತವರಿಗೇ ವಾಪಸು ಹೊರಟಿತ್ತು.

ಫೋಟೊಗ್ರಫಿಗೂ ಈ ಊರಿಗೂ ಹಳೇ ನಂಟು. ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರಲ್ಲಿ ನಮ್ಮ ಹಳೇಬೀಡು, ಬೇಲೂರುಗಳ ಗುಡಿಗಳನ್ನು ಫೋಟೊ ತೆಗೆದ. ಮುಂದಿನ ವರ್ಷ ಆ ಚಿತ್ರಗಳು ಮದ್ರಾಸಿನ ಪ್ರದರ್ಶನದಲ್ಲಿದ್ದವು. 1856ರಲ್ಲಿ ಅವನೇ ಮದ್ರಾಸ್ ಪ್ರೆಸಿಡೆನ್ಸಿಯ ಸರ್ಕಾರಿ ಫೋಟೊಗ್ರಾಫರ್ ಆದ. ಫೋಟೊಗ್ರಫಿ ಎಂಬುದು ಲೋಕಕ್ಕೆ ಪ್ರಕಟವಾಗಿದ್ದೇ 1839ರಲ್ಲಿ. ಹದಿನೈದೇ ವರ್ಷದಲ್ಲಿ ಅದು ನಮ್ಮ ಹೊಯ್ಸಳರ ಕಲ್ಲುಗಳ ತನಕ ಬಂದಿತ್ತು.

ಒಂದು ಫಾರ್ವರ್ಡ್ ಮೆಸೇಜು

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ "ಕ್ಯಾಮೆರಾ ಎಂಬ ಪದ ಅರಬ್ಬಿಯ ಕಮರಾದಿಂದ ಬಂತು, ಕ್ಯಾಮೆರಾ ಕಂಡುಹಿಡಿದದ್ದು ಇಬ್ನ್ ಅಲ್-ಹೈಸಮ್" ಅಂತ ಮೆಸೇಜು ಓಡಾಡುತ್ತಿರುತ್ತದೆ. ನನ್ನ ವಿದ್ಯಾರ್ಥಿಗಳೂ ಕಳಿಸುತ್ತಾರೆ. ಪದದ ಮಾತು ಸರಿಯಲ್ಲ. ಕ್ಯಾಮೆರಾ ಲ್ಯಾಟಿನ್ ಪದ, ಕೋಣೆ ಅಂತ ಅರ್ಥ, ಅದರ ಮೂಲ ಗ್ರೀಕಿನಲ್ಲಿದೆ. ನಮ್ಮ ಉರ್ದುವಿನ 'ಕಮ್ರಾ' ಕೂಡ ಪೋರ್ಚುಗೀಸರ ಮೂಲಕ ಅದೇ ಬೇರಿನಿಂದ ಬಂದದ್ದು. ಇನ್ನು ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈಸಮ್ ಸಾವಿರ ವರ್ಷದ ಹಿಂದೆ ಮಾಡಿದ ಕೆಲಸ ನಿಜಕ್ಕೂ ದೊಡ್ಡದು. ಕತ್ತಲೆ ಕೋಣೆಯ ಸಣ್ಣ ತೂತಿನಿಂದ ಬೆಳಕು ಬಂದು ಗೋಡೆಯ ಮೇಲೆ ಬಿಂಬ ಹೇಗೆ ಬೀಳುತ್ತದೆ, ಗ್ರಹಣದ ಸೂರ್ಯ ಅದರಲ್ಲಿ ಹೇಗೆ ಕಾಣುತ್ತಾನೆ ಎಂಬುದನ್ನು ಅವರು ಪ್ರಯೋಗ ಮಾಡಿ ಬರೆದರು. ಅಷ್ಟೇ ಸಾಕಲ್ಲವೇ? ಇರುವ ಹಿರಿಮೆಗೆ ಇಲ್ಲದ್ದನ್ನು ಅಂಟಿಸಿದರೆ, ನಾಳೆ ಮಕ್ಕಳು ಇರುವುದನ್ನೂ ನಂಬುವುದಿಲ್ಲ. ಈ ಅಂಟಿಸುವ ಚಾಳಿ ಹಳೇ ಕ್ಯಾಮೆರಾ ವ್ಯಾಪಾರದಲ್ಲೂ ಇದೆ. ಮುಂದೆ ಹೇಳುತ್ತೇನೆ.

ಈಗ ಯಾರು ಕೊಳ್ಳುತ್ತಾರೆ?

ಡಿಜಿಟಲ್ ಬಂದ ಮೇಲೆ ಫಿಲ್ಮಿನ ಕಾಲ ಮುಗಿಯಿತು ಅಂದುಕೊಂಡೆವು. ಕೊಡಾಕ್ ಕಂಪನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ನಮ್ಮ ಊಟಿಯಲ್ಲಿ 1960ರಲ್ಲಿ ಶುರುವಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ, 'ಇಂದು' ಎಂಬ ಹೆಸರಿನಲ್ಲಿ ಫಿಲ್ಮು, ಎಕ್ಸ್‌ರೇ ಹಾಳೆ ಮಾಡುತ್ತಿದ್ದದ್ದು, ಅದೂ ಬಾಗಿಲು ಹಾಕಿತು. ಮಾಮುವಿನ ಅಟ್ಟದಲ್ಲಿ ಇಂದು ಕಂಪನಿಯ ಖಾಲಿ ಡಬ್ಬಗಳು ಈಗಲೂ ಇವೆ. ಮುಮಾನಿ ಅದರಲ್ಲಿ ಗುಂಡಿ, ಸೂಜಿ ಇಟ್ಟಿದ್ದಾರೆ.

ಆದರೆ ಫೋನಿನಲ್ಲಿ ದಿನಕ್ಕೆ ನೂರು ಫೋಟೊ ತೆಗೆದು ಬೇಸತ್ತ ಹುಡುಗ ಹುಡುಗಿಯರು ಮತ್ತೆ ಫಿಲ್ಮಿನ ಕಡೆ ತಿರುಗಿದ್ದಾರೆ. 2024ರಲ್ಲಿ ಪೆಂಟ್ಯಾಕ್ಸ್ ಹೊಸ ಫಿಲ್ಮ್ ಕ್ಯಾಮೆರಾವನ್ನೇ ಬಿಡುಗಡೆ ಮಾಡಿತು. ಗುರುಗ್ರಾಮದಲ್ಲಿ 2019ರಿಂದ ಮ್ಯೂಸಿಯೊ ಕ್ಯಾಮೆರಾ ಎಂಬ ದೊಡ್ಡ ವಸ್ತುಸಂಗ್ರಹಾಲಯವೇ ಇದೆ.

ಕೊಳ್ಳುವವರು ಮೂರು ಬಗೆ. ಮೊದಲನೆಯವರು ಸಂಗ್ರಾಹಕರು. ಅವರಿಗೆ ಅಪರೂಪದ ಮಾಡೆಲ್ ಬೇಕು, ಡಬ್ಬ, ರಸೀದಿ, ಚರ್ಮದ ಕವರು ಸಮೇತ ಬೇಕು. ಎರಡನೆಯವರು ಫಿಲ್ಮ್ ಹಾಕಿ ನಿಜವಾಗಿ ಫೋಟೊ ತೆಗೆಯುವವರು. ಅವರಿಗೆ ಮೈ ಸವೆದಿದ್ದರೂ ಪರವಾಗಿಲ್ಲ, ಕೆಲಸ ಮಾಡಬೇಕು. ಮೂರನೆಯವರಿಗೆ ಕ್ಯಾಮೆರಾ ಬೇಡ, ಲೆನ್ಸ್ ಮಾತ್ರ ಬೇಕು.

ಈ ಮೂರನೆಯದು ನನಗೆ ಹೊಸ ವಿಷಯವಾಗಿತ್ತು. ಹಳೇ ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಲೆನ್ಸಿಗೂ ಫಿಲ್ಮಿಗೂ ನಡುವೆ ಒಂದು ಕನ್ನಡಿ ಇರುತ್ತದೆ. ಅದು ಏಳಲು ಬೀಳಲು ಜಾಗ ಬೇಕು. ಹಾಗಾಗಿ ಲೆನ್ಸ್ ಕೂರುವ ಬಳೆಯಿಂದ ಫಿಲ್ಮಿಗೆ ಸುಮಾರು 45 ಮಿಲಿಮೀಟರ್ ದೂರ ಇಡುತ್ತಿದ್ದರು. ನಿಕಾನ್ ಎಫ್‌ನಲ್ಲಿ ಅದು 46.5. ಈಗಿನ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಕನ್ನಡಿಯೇ ಇಲ್ಲ, ದೂರವೂ ಕಡಿಮೆ. ಸೋನಿಯಲ್ಲಿ 18 ಮಾತ್ರ. ನಡುವೆ ಉಳಿದ ಜಾಗದಲ್ಲಿ ಒಂದು ಲೋಹದ ಬಳೆ, ಅಂದರೆ ಅಡಾಪ್ಟರ್ ಹಾಕಿದರೆ ಹಳೇ ಲೆನ್ಸ್ ಹೊಸ ಕ್ಯಾಮೆರಾದಲ್ಲಿ ಸರಿಯಾಗಿ ಫೋಕಸ್ ಆಗುತ್ತದೆ. ರಷ್ಯಾದ ಜೆನಿಟ್ ಕ್ಯಾಮೆರಾದ ಜೊತೆ ಬರುತ್ತಿದ್ದ ಹೀಲಿಯಾಸ್ 44-2 ಲೆನ್ಸಿಗೆ ಈಗ ಇಷ್ಟೊಂದು ಗಿರಾಕಿ ಇರುವುದು ಇದೇ ಕಾರಣಕ್ಕೆ. ಹಿನ್ನೆಲೆಯ ಎಲೆಗಳು ಸುಳಿಯಂತೆ ತಿರುಗಿದ ಹಾಗೆ ಕಾಣುತ್ತವೆ, ಅದು ಅವರಿಗೆ ಇಷ್ಟ.

ಐಬು ನೋಡುವ ವಿಧಾನ

'ಐಬು' ಉರ್ದುವಿನಲ್ಲೂ ಉಂಟು, ಕನ್ನಡದಲ್ಲೂ ಉಂಟು. ಗಿರಾಕಿ, ರಸೀದಿ, ಖರೀದಿ, ಅಸಲಿ, ನಕಲಿ, ಜಾಮೀನು, ದಲಾಲಿ ಎಲ್ಲ ಹಾಗೆಯೇ. ವ್ಯಾಪಾರದ ಮಾತಿನಲ್ಲಿ ನಮ್ಮ ಎರಡು ಭಾಷೆಗಳು ಒಂದೇ ಅಂಗಡಿ ಇಟ್ಟುಕೊಂಡಿವೆ. ಹಳೇ ಕ್ಯಾಮೆರಾದ ಐಬು ಎಲ್ಲಿರುತ್ತದೆ ಅಂತ ನೋಡೋಣ.

ಮೊದಲು ಲೆನ್ಸು. ಹಿಂದಿನ ಮುಚ್ಚಳ ತೆಗೆದು, ಅಪರ್ಚರನ್ನು ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚ್ ಹಾಕಿ ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಫಂಗಸ್, ಅಂದರೆ ಬೂಷ್ಟು. ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಮಂಜಿದ್ದರೆ ಹೇಜ್. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಕಲೆ ಇದ್ದರೆ, ಎರಡು ಗಾಜುಗಳನ್ನು ಅಂಟಿಸಿದ ಅಂಟು ಬಿಡುತ್ತಿದೆ ಎಂದರ್ಥ. ಇದರ ರಿಪೇರಿ ಕಷ್ಟ. ಧೂಳಿನ ಒಂದೆರಡು ಕಣಕ್ಕೆ ಹೆದರಬೇಡಿ, ಫೋಟೊದಲ್ಲಿ ಅದು ಕಾಣುವುದಿಲ್ಲ. ಕೆಲವು ಹಳೇ ಲೆನ್ಸುಗಳ ಗಾಜು ಚಹಾದಂತೆ ಹಳದಿಯಾಗಿರುತ್ತದೆ. ಗಾಜಿಗೆ ಥೋರಿಯಂ ಬೆರೆಸಿದ್ದರ ಫಲ ಅದು. ಕೆಲವು ದಿನ ಬಿಸಿಲಿಗೆ ಅಥವಾ ಅಲ್ಟ್ರಾವಯಲೆಟ್ ದೀಪಕ್ಕೆ ಇಟ್ಟರೆ ಎಷ್ಟೋ ತಿಳಿಯಾಗುತ್ತದೆ.

ಎರಡನೆಯದು ಶಟರ್. ಒಂದು ಸೆಕೆಂಡಿಗೆ ಇಟ್ಟು ಒತ್ತಿ, ಕಿವಿ ಕೊಟ್ಟು ಕೇಳಿ. ಹಳೇ ಗ್ರೀಸು ಗಟ್ಟಿಯಾಗಿದ್ದರೆ ಒಂದು ಸೆಕೆಂಡು ಎರಡಾಗುತ್ತದೆ, ಇಲ್ಲವೇ ಅರ್ಧಕ್ಕೆ ನಿಲ್ಲುತ್ತದೆ. ಇದನ್ನು ಅಳೆಯಲು ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳು ಒಂದು ಉಪಾಯ ಮಾಡಿದರು. ಕ್ಯಾಮೆರಾದ ಹಿಂಬದಿ ತೆರೆದು, ಬೆಳಕಿಗೆ ಹಿಡಿದು, ಫೋನಿನ ಸ್ಲೋ ಮೋಷನ್ನಿನಲ್ಲಿ ವಿಡಿಯೊ ಮಾಡುವುದು. ಸೆಕೆಂಡಿಗೆ 240 ಫ್ರೇಮ್ ಬರುವ ಫೋನಾದರೆ 1/30 ಸೆಕೆಂಡಿಗೆ 8 ಫ್ರೇಮಿನಲ್ಲಿ ಬೆಳಕು ಕಾಣಬೇಕು. ಹನ್ನೆರಡು ಕಂಡರೆ ಶಟರ್ ನಿಧಾನ. 1/500ರಂಥ ವೇಗಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಆದರೆ ಭಿನ್ನರಾಶಿ ಅಂದರೆ ಮುಖ ಸಿಂಡರಿಸುವ ಮಕ್ಕಳು ಅವತ್ತು ತಾವೇ ಲೆಕ್ಕ ಮಾಡಿದರು.

ಬಟ್ಟೆಯ ಪರದೆಯ ಶಟರ್ ಆದರೆ ಟಾರ್ಚಿನ ಬೆಳಕಿನಲ್ಲಿ ಸೂಜಿ ತೂತುಗಳಿವೆಯೇ ನೋಡಬೇಕು. ಹಿಂಬದಿ ಬಾಗಿಲಿನ ಅಂಚಿನಲ್ಲಿರುವ ಕಪ್ಪು ಫೋಮ್ ಮುಟ್ಟಿ ನೋಡಿ. ಎಪ್ಪತ್ತು ಎಂಬತ್ತರ ದಶಕದ ಕ್ಯಾಮೆರಾಗಳಲ್ಲಿ ಅದು ಡಾಂಬರಿನ ಹಾಗೆ ಕೈಗೆ ಅಂಟುತ್ತದೆ. ಬೆಳಕು ಒಳಗೆ ಸೋರಿ ಫಿಲ್ಮು ಹಾಳಾಗುತ್ತದೆ. ಇದು ಸಣ್ಣ ಐಬು, ಹೊಸ ಫೋಮ್ ನಾವೇ ಹಾಕಬಹುದು.

ಮೂರನೆಯದು ಬ್ಯಾಟರಿ. ಕೋಣೆ ತೆರೆದಾಗ ಹಸಿರು ಕಿಲುಬು ಇದ್ದರೆ ಹಳೇ ಬ್ಯಾಟರಿ ಸೋರಿದೆ. ವಿನೆಗರ್ ಹಚ್ಚಿದ ಹತ್ತಿಯಿಂದ ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ, ಕಿಲುಬು ವೈರಿಗೆ ಇಳಿದಿದ್ದರೆ ಇಲ್ಲ. ಮಾಮುವಿನ ಯಾಶಿಕಾದಂಥ ಕ್ಯಾಮೆರಾಗಳ ಲೈಟ್ ಮೀಟರಿಗೆ 1.35 ವೋಲ್ಟಿನ ಪಾದರಸದ ಬ್ಯಾಟರಿ ಬೇಕಿತ್ತು. ವಿಷ ಎಂಬ ಕಾರಣಕ್ಕೆ ಅದರ ತಯಾರಿಕೆ ನಿಂತಿದೆ. ಈಗ ಕಿವಿಯ ಮೆಷಿನ್ನಿಗೆ ಹಾಕುವ ಜಿಂಕ್ ಏರ್ ಬ್ಯಾಟರಿಯಿಂದ ಜನ ಕೆಲಸ ನಡೆಸುತ್ತಾರೆ. ಮೀಟರ್ ಸತ್ತರೂ ಪೆಂಟ್ಯಾಕ್ಸ್ ಕೆ1000ನಂಥ ಕ್ಯಾಮೆರಾ ಸಾಯುವುದಿಲ್ಲ. ಅದರ ಶಟರ್ ಪೂರ್ತಿ ಯಾಂತ್ರಿಕ. 1976ರಿಂದ 1997ರ ತನಕ ಅದು ತಯಾರಾದದ್ದು ಸುಮ್ಮನೆ ಅಲ್ಲ. ಆದರೆ ಯಾಶಿಕಾ ಎಲೆಕ್ಟ್ರೊ 35 ಕೊಳ್ಳುವಾಗ ಎಚ್ಚರ ಇರಲಿ, ಬ್ಯಾಟರಿ ಇಲ್ಲದಿದ್ದರೆ ಅದು ಒಂದೇ ವೇಗದಲ್ಲಿ ನಡೆಯುತ್ತದೆ.

ಅಸಲಿ, ನಕಲಿ

2022ರಲ್ಲಿ ಜರ್ಮನಿಯ ಹರಾಜಿನಲ್ಲಿ 1923ರ ಸುಮಾರಿನ ಒಂದು ಲೈಕಾ ಕ್ಯಾಮೆರಾ 1.44 ಕೋಟಿ ಯೂರೋಗೆ ಹೋಯಿತು. ಲೈಕಾವನ್ನು ರೂಪಿಸಿದ ಆಸ್ಕರ್ ಬಾರ್ನಾಕ್ ಅವರೇ ಬಳಸುತ್ತಿದ್ದದ್ದು ಅದು. ಇಂಥ ಸುದ್ದಿ ಓದಿದ ಮೇಲೆ ನಕಲಿಗಳು ಹುಟ್ಟದೇ ಇರುತ್ತವೆಯೇ? ಸೋವಿಯತ್ ಒಕ್ಕೂಟದ ಫೆಡ್, ಜೋರ್ಕಿ ಕ್ಯಾಮೆರಾಗಳು ಹಳೇ ಲೈಕಾವನ್ನು ನೋಡಿ ಮಾಡಿದವು. ಅವುಗಳ ಹೆಸರು ಉಜ್ಜಿ, ಲೈಕಾ ಎಂದು ಕೆತ್ತಿ, ಚಿನ್ನದ ಬಣ್ಣ ಬಳಿದು, ಜರ್ಮನ್ ಸೇನೆಯ ಮುದ್ರೆ ಒತ್ತಿ ಮಾರುವವರು ಲೋಕದ ತುಂಬ ಇದ್ದಾರೆ. ಲೆನ್ಸ್ ಬಿಚ್ಚಿ ಒಳಗೆ ನೋಡಿ. ಫೋಕಸ್ ತಿಳಿಯುವ ಕೈಯ ತುದಿಯಲ್ಲಿ ಅಸಲಿ ಲೈಕಾಗೆ ಉರುಳುವ ಪುಟ್ಟ ಚಕ್ರವಿರುತ್ತದೆ. ಸೋವಿಯತ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಚಕ್ರವಿಲ್ಲದ ಮೂಗಿನಂಥ ತುಂಡು ಇರುತ್ತದೆ. ಹೆಸರನ್ನು ಬದಲಿಸಿದಷ್ಟು ಸುಲಭವಾಗಿ ಒಳಗಿನದನ್ನು ಬದಲಿಸಲು ಆಗುವುದಿಲ್ಲ.

ಹಾಗೆಯೇ ಮರದ ಸ್ಟ್ಯಾಂಡಿನ ಮೇಲೆ ಹೊಳೆಯುವ ಹಿತ್ತಾಳೆಯ "ನೂರು ವರ್ಷದ" ಕ್ಯಾಮೆರಾಗಳು. ಬಹಳಷ್ಟು ಹೊಸದಾಗಿ ಮಾಡಿದ ಶೋಪೀಸ್. ಶೋಪೀಸ್ ಎಂದು ಹೇಳಿ ಮಾರಿದರೆ ತಪ್ಪಿಲ್ಲ. ನೂರು ವರ್ಷ ಎಂದರೆ ಮೋಸ.

ಅಂಗಡಿಯ ಭಾಷೆಯನ್ನೂ ಕಲಿಯಬೇಕು. "ಚೆಕ್ ಮಾಡಿಲ್ಲ" ಅಂದರೆ ಅನೇಕ ಸಲ ಚೆಕ್ ಮಾಡಿದ್ದಾರೆ, ಕೆಲಸ ಮಾಡುತ್ತಿಲ್ಲ ಎಂದರ್ಥ. "ಶಟರ್ ಓಕೆ" ಅಂದರೆ ಶಬ್ದ ಬರುತ್ತದೆ. "ರೋಲ್ ಹಾಕಿ ನೋಡಿದೆ" ಅಂದರೆ ಆ ರೋಲಿನ ಫೋಟೊ ತೋರಿಸಿ ಅಂತ ಕೇಳಿ.

ನಮ್ಮ ವ್ಯಾಪಾರ

ಸೌಕಾರ್‌ಪೇಟೆಯ ಒಂದು ಓಣಿಯಲ್ಲಿ ಹಳೇ ರೇಡಿಯೊ, ಗೋಡೆ ಗಡಿಯಾರ, ಹಿತ್ತಾಳೆ ದೀಪಗಳ ನಡುವೆ ಕ್ಯಾಮೆರಾಗಳನ್ನೂ ಇಟ್ಟ ಅಂಗಡಿ ಸಿಕ್ಕಿತು. ಸೇಠ್‌ಜಿ ವಯಸ್ಸಾದವರು. ಯಾಶಿಕಾವನ್ನು ಎತ್ತಿ, ಮೇಲಿನ ಮುಚ್ಚಳ ತೆರೆದು, ಹ್ಯಾಂಡಲ್ ತಿರುಗಿಸಿ ನೋಡಿ ಏಳು ಸಾವಿರ ಅಂದರು. ನನಗೆ ಎಂಟುನೂರರ ನೆನಪಾಗಿ ಎದೆ ಹಗುರಾಯಿತು.

ಆದರೆ ಹಿಂದಿನ ರಾತ್ರಿ ನಾನು ಫೋನಿನ ಟಾರ್ಚ್ ಹಾಕಿ ನೋಡಿದ್ದೆ. ಈ ಕ್ಯಾಮೆರಾಕ್ಕೆ ಎರಡು ಕಣ್ಣು. ಮೇಲಿನದು ನೋಡಲು, ಕೆಳಗಿನದು ತೆಗೆಯಲು. ಸೇಠ್‌ಜಿ ಮೇಲಿನಿಂದ ಇಣುಕಿದ್ದರು. ಬೂಷ್ಟು ಇದ್ದದ್ದು ಕೆಳಗಿನದರಲ್ಲಿ. ತಮ್ಮ ನನ್ನ ಮೊಣಕೈ ಮುಟ್ಟಿ, "ಆಪಾ, ಅವರು ಕೇಳಿಲ್ಲ, ನೀನು ಹೇಳಬೇಡ" ಅಂತ ಪಿಸುಗುಟ್ಟಿದ. ಕೇಳದಿದ್ದರೆ ಹೇಳಬೇಕಿಲ್ಲವೇ? ಧಾನ್ಯದ ರಾಶಿಯಲ್ಲಿ ಒದ್ದೆಯಾದದ್ದನ್ನು ಮೇಲಿಟ್ಟು ಮಾರಬೇಕು ಎಂಬ ಪಾಠವನ್ನು ಮದ್ರಸಾದಲ್ಲಿ ಚಿಕ್ಕಂದಿನಲ್ಲೇ ಕೇಳಿದವರು ನಾವು. ಕೇಳುವುದು ಸುಲಭ. ಮುಮಾನಿಯ ದುಡ್ಡು ಮುಂದಿದ್ದಾಗ ಮಾಡುವುದು ಸುಲಭವಲ್ಲ. ನನ್ನದಾಗಿದ್ದರೆ ಹೇಳಿ ಕಳೆದುಕೊಳ್ಳಬಹುದಿತ್ತು. ಇದು ನನ್ನದಲ್ಲ.

ಹೊರಗೆ ಬಂದು ಮುಮಾನಿಗೆ ಫೋನ್ ಮಾಡಿದೆ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿನ್ನ ಮಾಮು ಕಣ್ಣು ಮುಚ್ಚಿಕೊಂಡಿರೋ ಫೋಟೊ ಯಾರಿಗೂ ಕೊಟ್ಟವರಲ್ಲ, ಇನ್ನೊಂದು ತೆಗೆದುಕೊಡ್ತಿದ್ದರು. ಹೇಳಿಬಿಡು" ಅಂದರು. ಹೇಳಿದೆ. ಏಳು ಸಾವಿರ ಐದಾಯಿತು. ಬಿಡಿ ಲೆನ್ಸುಗಳಿಗೆ ಎರಡೂವರೆ ಸಾವಿರ ಬಂತು. ತಮ್ಮ ಅವತ್ತು ಸಂಜೆಯ ತನಕ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೆ1000ನ್ನು ಬೆಲೆ ಕೇಳಿಕೊಂಡು, ಅಷ್ಟೇ ದುಡ್ಡನ್ನು ಮುಮಾನಿಗೆ ಕೊಟ್ಟು ಶಾಲೆಗೆ ಅಂತ ನಾನೇ ಇಟ್ಟುಕೊಂಡೆ.

ಹೊರಡುವಾಗ ಸೇಠ್‌ಜಿ ಕೇಳಿದರು: "ಸ್ಟುಡಿಯೊ ಅಂದಿರಲ್ಲ, ನೆಗೆಟಿವ್‌ಗಳು ಇವೆಯಾ? ಪೆಟ್ಟಿಗೆ ಸಮೇತ ನಾಲ್ಕು ಸಾವಿರ ಕೊಡ್ತೀನಿ." ಹಳೇ ನೆಗೆಟಿವ್‌ಗಳನ್ನು ಸಂಗ್ರಹಿಸುವವರೂ ಇದ್ದಾರೆ ಎಂದು ಗೊತ್ತಾದದ್ದು ಆಗಲೇ. ಯಾರದೋ ಮದುವೆ, ಯಾರದೋ ಮಗು, ಹೆಸರಿಲ್ಲದ ಮುಖಗಳಿಗೆ ಬೆಲೆ ಇದೆ. ಬೂಷ್ಟಿನಿಂದ ಹೋದದ್ದರ ಎರಡರಷ್ಟು ಅದರಿಂದ ಬರುತ್ತಿತ್ತು.

ಕನ್ನಡದ ಆಫೀಸಿನಲ್ಲಿ 'ಅಮಾನತು' ಅಂದರೆ ನೌಕರನನ್ನು ಕೆಲಸದಿಂದ ದೂರ ಕೂರಿಸುವುದು. ಉರ್ದುವಿನಲ್ಲಿ 'ಅಮಾನತ್' ಅಂದರೆ ನಂಬಿ ಒಪ್ಪಿಸಿದ ವಸ್ತು. ಕ್ಯಾಮೆರಾ ಮಾಮುವಿನ ಸೊತ್ತು, ಮಾರಬಹುದು. ನೆಗೆಟಿವ್‌ನಲ್ಲಿರುವ ಮುಖಗಳು? ಪರದೆಯ ಹಿಂದಿದ್ದ ಎಷ್ಟೋ ಹೆಣ್ಣುಮಕ್ಕಳು ಪಾಸ್‌ಪೋರ್ಟಿಗೆ ಬೇಕೇ ಬೇಕು ಎಂಬ ಕಾರಣಕ್ಕೆ ಮಾಮುವಿನ ಮುಂದೆ ಮಾತ್ರ ಕೂತವರು. ಅವರು ದುಡ್ಡು ಕೊಟ್ಟು ತೆಗೆಸಿದ್ದು ತಮಗಾಗಿ, ಬಜಾರಿಗಲ್ಲ. ನಾನು ಇಲ್ಲ ಅಂದೆ. ಸೇಠ್‌ಜಿ ಒತ್ತಾಯ ಮಾಡಲಿಲ್ಲ.

ನೀವು ಮಾಡಬಹುದಾದದ್ದು

ಮನೆಯಲ್ಲಿ ಹಳೇ ಕ್ಯಾಮೆರಾ ಇದ್ದರೆ ಮೊದಲು ಚರ್ಮದ ಕವರಿನಿಂದ ಹೊರಗೆ ತೆಗೆಯಿರಿ. ಚರ್ಮ ತೇವ ಹಿಡಿದಿಡುತ್ತದೆ, ಬೂಷ್ಟಿಗೆ ಅದೇ ತೊಟ್ಟಿಲು. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಚೆನ್ನೈ, ಮಂಗಳೂರು, ಕಾಸರಗೋಡಿನಂಥ ಕಡಲ ಊರಿನವರಿಗೆ ಇದು ಕಡ್ಡಾಯ. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಕ್ಕಿ ಡಬ್ಬದಲ್ಲಿ ಹೂಳಬೇಡಿ, ಹಿಟ್ಟು ಒಳಗೆ ಹೋಗುತ್ತದೆ. ತಿಂಗಳಿಗೊಮ್ಮೆ ಶಟರ್ ಎಲ್ಲ ವೇಗದಲ್ಲೂ ಒತ್ತಿ, ಇಲ್ಲದಿದ್ದರೆ ಮೈ ಹಿಡಿದುಕೊಳ್ಳುತ್ತದೆ. ಮಾರುವುದಿದ್ದರೆ ಒಳಗೆ ಫಿಲ್ಮ್ ಉಳಿದಿದೆಯೇ ನೋಡಿ. ಉಳಿದಿದ್ದರೆ ಬಾಗಿಲು ತೆರೆಯದೆ ಸುತ್ತಿ ತೆಗೆಸಿ, ತೊಳೆಸಿ. ಐಬನ್ನು ಚೀಟಿಯಲ್ಲಿ ಬರೆದು ಕೊಡಿ. ಬೆಲೆ ಸ್ವಲ್ಪ ಇಳಿಯುತ್ತದೆ. ಕೊಂಡವರು ತಿರುಗಿ ಬಂದು ಜಗಳ ಆಡುವುದಿಲ್ಲ.

ನೆಗೆಟಿವ್‌ಗಳ ಪೆಟ್ಟಿಗೆ ಈಗ ಮುಮಾನಿಯ ಮನೆಯಲ್ಲೇ ಇದೆ. ಬಿಳಿ ಪರದೆಯ ಟ್ಯಾಬ್ ಮೇಲೆ ನೆಗೆಟಿವ್ ಇಟ್ಟು ಫೋನಿನಿಂದ ಫೋಟೊ ತೆಗೆದು, ಬಣ್ಣ ತಿರುವಿದರೆ ಮುಖ ಕಾಣುತ್ತದೆ. ಭಾನುವಾರ ನಾನು, ಮುಮಾನಿ ಇಬ್ಬರೇ ಕೂತು ನೋಡುತ್ತೇವೆ. ಲಕೋಟೆಯ ಮೇಲೆ ಮಾಮುವಿನ ಉರ್ದು ಅಕ್ಷರದಲ್ಲಿ ಹೆಸರು, ತಾರೀಕು ಇರುತ್ತದೆ. ಗುರುತು ಸಿಕ್ಕವರ ಮನೆಗೆ ಮುಮಾನಿ ತಾವೇ ಹೋಗಿ ಲಕೋಟೆ ಕೊಟ್ಟು ಬರುತ್ತಾರೆ. ಹೋದ ತಿಂಗಳು ನಮ್ಮ ಓಣಿಯ ಒಬ್ಬಾಕೆಗೆ, ಅವಳು ಎರಡು ವರ್ಷದವಳಿದ್ದಾಗ ತೀರಿಕೊಂಡ ಅಮ್ಮಿಯ ಫೋಟೊ ಸಿಕ್ಕಿತು. ಅವರ ಮನೆಯಲ್ಲಿ ಬೇರೆ ಒಂದೂ ಇರಲಿಲ್ಲ.

ಇನ್ನೂ ಅರ್ಧ ಪೆಟ್ಟಿಗೆ ಬಾಕಿ ಇದೆ.